ಟರಾಂಟುಲಾ ಎಂಬ ರೋಮ ತುಂಬಿದ ದೊಡ್ಡ ಜೇಡ ಸಾಕುವುದರಲ್ಲಿ ಜನರಿಗೆ ಏನು ಖುಷಿ? ಸಾಕಿದರೆ ಅದು ನಮ್ಮನ್ನು ಗುರುತು ಹಿಡಿಯುತ್ತದೆಯೇ?

ಹಿಡಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಎರಡನೇ ಪ್ರಶ್ನೆಯನ್ನು 2011ರಲ್ಲಿ ನಾನೂ ನನಗೇ ಕೇಳಿಕೊಂಡು, ನನಗೆ ಬೇಕಾದ ಉತ್ತರವನ್ನು ನಾನೇ ಕೊಟ್ಟುಕೊಂಡಿದ್ದೆ.

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ ನಾಲ್ಕು ಎಕರೆ ಅರೇಬಿಕಾ ಕಾಫಿ ತೋಟ. ಆ ವರ್ಷ ಮಳೆಗೆ ಮುಂಚೆ ಮರ ಕಪಾತು ಮಾಡಿಸುವಾಗ ಹಾಲುವಾಣ ಮರದ ಟೊಳ್ಳು ಕೊಂಬೆಯೊಂದು ಕೆಳಗೆ ಬಿದ್ದು ಸೀಳಿತು. ಒಳಗಿನಿಂದ ಅಂಗೈ ಅಗಲದ ಜೇಡ ಹೊರಬಂದು ಮುಂಗಾಲುಗಳನ್ನು ಎತ್ತಿ ನಿಂತಿತು. ಮೈಯೆಲ್ಲ ತೊಗಟೆಯ ಬೂದು ಬಣ್ಣ. ಎತ್ತಿದ ಕಾಲಿನ ಒಳಮೈ ಮಾತ್ರ ಅಪ್ಪಟ ಅರಿಶಿನ, ನಡುವೆ ಕರಿ ಪಟ್ಟೆ. ಕೆಲಸದವರು ಕತ್ತಿ ಎತ್ತುವಷ್ಟರಲ್ಲಿ ನಾನು ಅದರ ಮೇಲೆ ಬಕೆಟ್ ಕವುಚಿದೆ. ಅದು ಪೊಯಿಸಿಲೊಥೀರಿಯಾ ಎಂಬ ಟರಾಂಟುಲಾ ಕುಲದ್ದು, ಮರದ ಪೊಟರೆಯಲ್ಲಿ ಬದುಕುವಂಥದ್ದು ಎಂದು ತಿಳಿದದ್ದು ಆಮೇಲೆ.

ಬಿರುಕು ಬಿಟ್ಟ ಹಳೆಯ ಮೀನಿನ ತೊಟ್ಟಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಸೊಳ್ಳೆ ಪರದೆ ಕಟ್ಟಿ, ಒಳಗೆ ತೊಗಟೆಯ ಹಲಗೆ ಒರಗಿಸಿ ಅಟ್ಟದಲ್ಲಿಟ್ಟೆ. ಅವ್ವ ಒಂದು ತಿಂಗಳು ಅಟ್ಟ ಹತ್ತಲಿಲ್ಲ. ಮಳೆಗಾಲದ ನಡುವೆ ಒಂದು ದಿನ ಮೆಟ್ಟಿಲ ಕೆಳಗೆ ನಿಂತು, “ನಿನ್ನ ಜೇಡಮ್ಮ ಉಂಡಳಾ?” ಎಂದು ಕೇಳಿದಳು. ಉಂಡಿರಲಿಲ್ಲ. ಐದು ವಾರದಿಂದ ಏನನ್ನೂ ಮುಟ್ಟಿರಲಿಲ್ಲ.

ಖುಷಿ ಏನು ಎಂದಿರಲ್ಲ, ಅದು ಆ ಆಗಸ್ಟಿನಲ್ಲಿ ತಿಳಿಯಿತು. ಮೂರು ದಿನದಿಂದ ಕರೆಂಟಿಲ್ಲ, ಹೊರಗೆ ಬಿಡದ ಮಳೆ. ಟಾರ್ಚು ಬಿಟ್ಟು ನೋಡಿದರೆ ಅದು ತೊಗಟೆಗೂ ಗಾಜಿಗೂ ನಡುವೆ ತಾನೇ ನೇಯ್ದ ಹಾಸಿನ ಮೇಲೆ ಅಂಗಾತ ಮಲಗಿದೆ. ಸತ್ತಿತೆಂದು ಹೊರಳಿಸಲು ಹೋಗಬಾರದು, ಪೊರೆ ಬಿಡುತ್ತಿರುತ್ತದೆ ಎಂದು ಓದಿದ್ದೆನಾದ್ದರಿಂದ ಕೈ ಕಟ್ಟಿ ಕುಳಿತೆ. ಬೆನ್ನಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ತೆರೆದುಕೊಂಡಿತು. ಒದ್ದೆ ಕಾಲುಚೀಲದಿಂದ ಬಿಡಿಸಿಕೊಂಡಂತೆ ಎಂಟು ಕಾಲುಗಳನ್ನೂ ಇಷ್ಟಿಷ್ಟೇ ಎಳೆದುಕೊಂಡಿತು. ಹೊಸದಾಗಿ ಹೊರಬಂದ ವಿಷದ ಹಲ್ಲುಗಳು ಹಾಲಿನಷ್ಟು ಬೆಳ್ಳಗಿದ್ದವು. ಅಷ್ಟು ಹೊತ್ತೂ ನಾನು ಇದ್ದೇನೆಂಬ ಪರಿವೆಯೇ ಅದಕ್ಕಿರಲಿಲ್ಲ. ನಾಯಿ, ದನ, ಕೋಳಿ ಎಲ್ಲವೂ ನಮ್ಮ ಮುಖ ನೋಡುವ ಮನೆಯಲ್ಲಿ ಬೆಳೆದವನಿಗೆ ಈ ಅಲಕ್ಷ್ಯ ಎಷ್ಟು ಹಿತವೆನಿಸಿತೆಂದು ಹೇಳಲಾರೆ. ಬಿಟ್ಟ ಪೊರೆಯನ್ನು ನೋಡಿಯೇ ಅದು ಹೆಣ್ಣೆಂದು ಗೊತ್ತು ಮಾಡಿಕೊಂಡೆ. ಹೆಣ್ಣಾದರೆ ಹತ್ತು ವರ್ಷಕ್ಕೂ ಮಿಕ್ಕಿ ಬದುಕುವ ಜೀವ.

ನನ್ನ ಕೈಯಲ್ಲಿ ಬದುಕಿದ್ದು ನವೆಂಬರಿನ ತನಕ.

ಈ ಭಾಗವನ್ನು ಉದ್ದವಾಗಿಯೇ ಬರೆಯುತ್ತೇನೆ, ಬೇಸರವಾದರೆ ಹಾರಿಸಿ. ಆ ಹೊತ್ತಿಗೆ ತೋಟದಲ್ಲಿ ಬಿಳಿ ಕಾಂಡಕೊರಕ ಎಂಬ ಕೀಟಕ್ಕೆ ಔಷಧಿ ಹೊಡೆಯುವ ಕೆಲಸ. ಸೋಮವಾರ ನಾನೇ ಪಂಪು ಹೊತ್ತು ಹೊಡೆದೆ. ಬಂದವನು ಸೋಪು ಹಚ್ಚಿ ಸ್ನಾನ ಮಾಡಿದೆ, ಬಟ್ಟೆ ಬೇರೆ ನೆನೆಸಿದೆ, ಎರಡು ದಿನ ತೊಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಅಷ್ಟು ಹುಷಾರು! ಬುಧವಾರ ಸಂಜೆ ಕಣದ ಅಂಚಿನ ಹುಲ್ಲಿನಲ್ಲಿ ಒಂದು ಮಿಡತೆ ಕಂಡಿತು. ನನ್ನ ಲೆಕ್ಕ ಹೀಗಿತ್ತು: ಔಷಧಿ ಬಿದ್ದಿರುವುದು ಕಾಫಿ ಗಿಡದ ಕಾಂಡಕ್ಕೆ, ಮಿಡತೆ ತಿನ್ನುವುದು ಹುಲ್ಲು, ಎತ್ತಣಿಂದೆತ್ತ ಸಂಬಂಧ? ಕಾಂಡದಿಂದ ತೊಟ್ಟಿಕ್ಕಿದ್ದು, ಗಾಳಿಗೆ ಹಾರಿದ್ದು ಹುಲ್ಲಿಗೂ ಬೀಳುತ್ತದೆ ಎಂಬುದು ಹೊಳೆಯಲಿಲ್ಲ. ಅದಕ್ಕಿಂತ ದೊಡ್ಡ ಪೆದ್ದುತನ ಇನ್ನೊಂದು. ಬೇರೆ ದಿನ ಒಂದು ಮಿಡತೆ ಹಿಡಿಯಲು ಹತ್ತು ಸಲ ನೆಗೆಯಬೇಕಿತ್ತು, ಇದು ಮೊದಲ ಸಲಕ್ಕೇ ಕೈಗೆ ಬಂತು. ಅದೃಷ್ಟವೆಂದುಕೊಂಡೆ. ಔಷಧಿ ತಗಲಿ ಹಾರಲಾರದ್ದಕ್ಕೆ ಅದು ಸಿಕ್ಕಿತ್ತು. ಅದನ್ನೇ ಜೇಡಕ್ಕೆ ಹಾಕಿದ್ದೆ.

ಗುರುವಾರ ಬೆಳಿಗ್ಗೆ ಗೋಡೆಯ ಮೇಲಿರಬೇಕಾದ ಜೇಡ ನೆಲದಲ್ಲಿತ್ತು. ಯಾರೋ ದಾರ ಕಟ್ಟಿ ಎಳೆಯುತ್ತಿರುವಂತೆ ಕಾಲುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಅದುರುತ್ತಿದ್ದವು. ಶನಿವಾರ ಎಂಟೂ ಕಾಲುಗಳು ಹೊಟ್ಟೆಯಡಿಗೆ ಮುದುಡಿಕೊಂಡವು. ಜೇಡ ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ಆ ಒತ್ತಡ ಹೋದರೆ ಮುಷ್ಟಿ ಕಟ್ಟಿದಂತೆ ಮುಚ್ಚಿಕೊಳ್ಳುತ್ತದೆ. ಅವ್ವ ಕರಿಮೆಣಸಿನ ಬಳ್ಳಿಯ ಬುಡದಲ್ಲಿ ಹೂಳಿದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಇನ್ನು ನೀವು ಸಾಕಬೇಕೇ? ಬೇಡ. ಕೈಮೇಲೆ ಬಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುವ ಆಸೆಯಿದ್ದರಂತೂ ಬೇಡವೇ ಬೇಡ. ಅಮೆರಿಕ ಖಂಡದ ಹೆಚ್ಚಿನ ಜಾತಿಗಳು ಹೊಟ್ಟೆಯ ಮೇಲಿನ ತುರಿಕೆ ರೋಮ ಉದುರಿಸಿ ಎಚ್ಚರಿಸುತ್ತವೆ, ನಮ್ಮವಕ್ಕೆ ಆ ರೋಮವಿಲ್ಲ, ನೇರ ಕಚ್ಚುತ್ತವೆ. ಸ್ನಾಯುಗಳು ದಿನಗಟ್ಟಲೆ ಹಿಡಿದುಕೊಳ್ಳುತ್ತವೆ. ಅದೂ ಅಲ್ಲದೆ ಕೆಳಗೆ ಬಿದ್ದರೆ ಹೊಟ್ಟೆ ಒಡೆದು ಸಾಯುವುದು ಅದೇ. ಕಾನೂನೂ ಈಗ ಮೊದಲಿನಂತಿಲ್ಲ. 2019ರಲ್ಲಿ ಪೊಯಿಸಿಲೊಥೀರಿಯಾ ಕುಲವನ್ನು ಇಡಿಯಾಗಿ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದರು. 2022ರಲ್ಲಿ ನಮ್ಮ ವನ್ಯಜೀವಿ ಕಾಯ್ದೆಗೂ ತಿದ್ದುಪಡಿ ಬಂದು, ಸೈಟಿಸ್ ಪಟ್ಟಿಯ ಜೀವಿ ಮನೆಯಲ್ಲಿದ್ದರೆ ನೋಂದಾಯಿಸಬೇಕಾಯಿತು. ಆಂಧ್ರದ ಗೂಟಿಯ ಹೆಸರು ಹೊತ್ತ ನೀಲಿ ಜೇಡ ಹೊರದೇಶಗಳ ಅಂಗಡಿಗಳಲ್ಲಿ ಮಾರಾಟಕ್ಕಿದೆ, ಆಂಧ್ರದ ಕಾಡಿನಲ್ಲಿ ಅಳಿವಿನಂಚಿನಲ್ಲಿದೆ. ಈ ವ್ಯಾಪಾರಕ್ಕೆ ನಿಮ್ಮ ದುಡ್ಡೂ ಏಕೆ?

ಕೊಡಗಿನಲ್ಲಿರುವವರಿಗೆ ತೊಟ್ಟಿಯೇ ಬೇಕಿಲ್ಲ. ಮಳೆ ಬಿಟ್ಟ ರಾತ್ರಿ, ಎಂಟರ ನಂತರ, ರಸ್ತೆ ಪಕ್ಕದ ಹಳೆಯ ಬರೆಯ, ಎಂದರೆ ಕಡಿದ ಮಣ್ಣಿನ ಗೋಡೆಯ, ಉದ್ದಕ್ಕೂ ಟಾರ್ಚು ಹಿಡಿದು ನಡೆಯಿರಿ. ಬಿಲದಲ್ಲಿ ಬದುಕುವ ಟರಾಂಟುಲಾಗಳೂ ಇಲ್ಲಿವೆ. ಮಣ್ಣಿನಲ್ಲಿ ಹೆಬ್ಬೆರಳಿನ ಗಾತ್ರದ ತೂತು, ಬಾಯಿಗೆ ಬಿಳಿ ನೂಲಿನ ಅಂಚು, ಅಂಚಿನಲ್ಲಿ ನಾಲ್ಕು ಕಾಲಿನ ತುದಿಗಳು ಕಂಡರೆ ನಿಂತುಬಿಡಿ. ಕಡ್ಡಿ ಹಾಕಿ ಕೆಣಕಬೇಡಿ. ಬರೆಯ ಮೇಲೆ ಔಷಧಿ ಹೊಡೆದ ತೋಟವಿದ್ದರೆ ಮುಂದಕ್ಕೆ ಹೋಗಿ, ಅಂಥ ಕಡೆ ನನಗಂತೂ ಈವರೆಗೆ ಒಂದೂ ಕಂಡಿಲ್ಲ.