ಸೊನ್ನೆ ಬಿಲ್ಲಿನ ಮನೆಯಲ್ಲಿ ಗೀಸರ್ ಜಗಳ

ಗಿರೀಶ್ ನನ್ನ ಕೋಣೆಗೆ ಬಂದು ಕೂತವರೇ ಮೊದಲು ಮೇಲೆ ನೋಡಿದರು. ಎರಡು ಟ್ಯೂಬ್‌ಲೈಟ್ ಉರಿಯುತ್ತಿದ್ದವು. ಕಿಟಕಿಯಿಂದ ಬಿಸಿಲೂ ಬರುತ್ತಿತ್ತು. "ಮೇಡಂ, ಒಂದು ಆಫ್ ಮಾಡ್ಲಾ?" ಅಂದರು. ಪಕ್ಕದಲ್ಲಿದ್ದ ಸುಮಾ ಕಣ್ಣು ಮುಚ್ಚಿಕೊಂಡರು. ಬೈಯಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಸುಮ್ನೆ ಕಣ್ಣು ಮುಚ್ಚಿಕೊಂಡರು, ಅಷ್ಟೆ.

ನಾನು ಆಪ್ತ ಸಲಹೆಗಾರ್ತಿ, ಇವರು ನನ್ನ ಹತ್ತಿರ ಸಲಹೆಗೆ ಬಂದ ಗಂಡ ಹೆಂಡತಿ. ಇವರಿಬ್ಬರ ನಿಜವಾದ ಹೆಸರು ಬೇರೆ. ಊರು, ಕೆಲಸ, ಕೆಲವು ಲೆಕ್ಕಗಳನ್ನೂ ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಗಿರೀಶ್‌ಗೆ 39 ವರ್ಷ, ಒಂದು ಖಾಸಗಿ ಕಂಪನಿಯ ಸ್ಟೋರ್ಸ್‌ನಲ್ಲಿ ಕೆಲಸ, ಕೈಗೆ ಬರುವ ಸಂಬಳ 34,000. ಸುಮಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಫಾಲ್ಸ್ ಹಾಕುತ್ತಾರೆ. ತಿಂಗಳಿಗೆ ಮೂರೋ ನಾಲ್ಕೋ ಸಾವಿರ. ಬಾಡಿಗೆ ಮನೆ. ನಾಲ್ಕನೇ ಕ್ಲಾಸಿನ ಒಬ್ಬಳು ಮಗಳು.

ಅವರು ಬಂದದ್ದು ದುಡ್ಡಿನ ವಿಷಯಕ್ಕಲ್ಲ, ಮಗಳ ವಿಷಯಕ್ಕೆ. ಹುಡುಗಿ ಆಟದ ಪೀರಿಯಡ್‌ನಲ್ಲಿ ಕುಂಟುತ್ತಿದ್ದದ್ದನ್ನು ನೋಡಿ ಟೀಚರ್ ಶೂ ಬಿಚ್ಚಿಸಿದ್ದರು. ಎರಡೂ ಕಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ದಸರಾ ರಜೆ ಮುಗಿದಾಗಿನಿಂದ ಶೂ ಬಿಗಿಯಾಗಿತ್ತಂತೆ. ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದರೆ, "ಹೇಳಿದ್ರೆ ಖರ್ಚು ಅಲ್ವಾ ಮಿಸ್" ಅಂದಳಂತೆ.

ಅವತ್ತು ರಾತ್ರಿ ಮನೆಯಲ್ಲಿ ಆಗಿದ್ದನ್ನು ಸುಮಾ ನನ್ನೆದುರು ಒಂದೇ ಉಸಿರಿನಲ್ಲಿ ಹೇಳಿದರು. ಹೇಳುತ್ತಾ ಹೇಳುತ್ತಾ ಹಳೆಯದೆಲ್ಲ ಹೊರಗೆ ಬಂತು. ಸ್ನಾನದ ಮಧ್ಯೆ ಗೀಸರ್ ಸ್ವಿಚ್ ಆರಿಸುವುದು. ಪೇಸ್ಟಿನ ಟ್ಯೂಬನ್ನು ಕತ್ತರಿಯಲ್ಲಿ ಸೀಳಿ ಒಳಗಿನದನ್ನು ಬಳಿಯುವುದು. ಕೊತ್ತಂಬರಿ ಕಟ್ಟಿಗೆ ಹತ್ತು ರೂಪಾಯಿ ಕೊಟ್ಟಿದ್ದಕ್ಕೆ ಅರ್ಧ ಗಂಟೆ ಪಾಠ. "ಬಸ್ಸು ಫ್ರೀ ಮೇಡಂ, ಆದ್ರೂ ಏಳು ತಿಂಗಳಿಂದ ಅಮ್ಮನ ಮನೆಗೆ ಹೋಗಿಲ್ಲ. ಬಸ್‌ಸ್ಟ್ಯಾಂಡಿಂದ ಆಟೋಗೆ 120 ಕೊಡ್ಬೇಕಲ್ಲ. ಅದನ್ನ ಯಾರ ಹತ್ರ ಕೇಳೋದು?" ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ದುಡ್ಡಿದೆ ಅನ್ನುವುದನ್ನೂ ಅವತ್ತೇ ಹೇಳಿಬಿಟ್ಟರು. ಹೊಸ ಚೂಡಿದಾರದ ಬಟ್ಟೆ ತಂದರೆ ಅದು ಮೊದಲು ಪಕ್ಕದ ಮನೆಯಲ್ಲಿ ಎರಡು ವಾರ ಇರುತ್ತಿತ್ತಂತೆ, ಆಮೇಲೆ "ಹಳೇದೇ ಕಣ್ರೀ" ಅಂತ ಒಳಗೆ ಬರುತ್ತಿತ್ತು.

ಗಿರೀಶ್ ಕೇಳಿದ್ದು ಒಂದೇ ಪ್ರಶ್ನೆ. "ಉಳಿಸೋದು ತಪ್ಪಾ ಮೇಡಂ?"

ತಪ್ಪಲ್ಲ. ನನ್ನ ಅಮ್ಮ ಹಾಲಿನ ಕವರ್ ತೊಳೆದು, ಕಿಟಕಿ ಸರಳಿಗೆ ಸಿಕ್ಕಿಸಿ ಒಣಗಿಸಿ, ಕಟ್ಟು ಮಾಡಿ ಗುಜರಿಗೆ ಹಾಕುತ್ತಿದ್ದರು. ಆ ದುಡ್ಡಲ್ಲಿ ನಮಗೆ ಬಳೆ ಬರುತ್ತಿತ್ತು. ಉಳಿತಾಯ ಅಂದರೆ ನನಗೆ ಆ ಬಳೆ ನೆನಪಾಗುತ್ತದೆ. ಗಿರೀಶ್‌ಗೆ ನೆನಪಾಗುವುದು ಬೇರೆ. ಅವರ ತಂದೆಗೆ ತಾಲ್ಲೂಕು ಊರಿನಲ್ಲಿ ಸಣ್ಣ ದಿನಸಿ ಅಂಗಡಿ ಇತ್ತು. ಉದ್ರಿ ಕೊಟ್ಟೂ ಕೊಟ್ಟೂ ಅಂಗಡಿ ಖಾಲಿಯಾಯಿತು. ಕೈಸಾಲ, ಮೇಲೆ ಬಡ್ಡಿ, ಆ ಬಡ್ಡಿ ಕಟ್ಟಲು ಇನ್ನೊಂದು ಸಾಲ. ಒಂದು ದಿನ ಸ್ಕೂಲಿಂದ ಬಂದಾಗ ಮನೆ ಮಾಲೀಕರು ಸಾಮಾನನ್ನೆಲ್ಲ ಹೊರಗೆ ಹಾಕಿಸಿದ್ದರು. "ನಮ್ಮಮ್ಮನ ಒಗ್ಗರಣೆ ಡಬ್ಬಿ ಚರಂಡಿ ಪಕ್ಕ ಬಿದ್ದಿತ್ತು ಮೇಡಂ. ಮುಚ್ಚಳ ಬಿಚ್ಕೊಂಡು ಜೀರಿಗೆ ಎಲ್ಲ ಚೆಲ್ಲಿತ್ತು." ಆಗ ಅವರಿಗೆ 12 ವರ್ಷ.

ಸುಮಾಗೆ ಸಾಲದ ಕಥೆ ಗೊತ್ತಿತ್ತು. ಜೀರಿಗೆಯ ಕಥೆ ಗೊತ್ತಿರಲಿಲ್ಲ.

ಎರಡನೇ ಸಲ ಬರುವಾಗ ಮೂರು ತಿಂಗಳ ಕಾಗದ ತನ್ನಿ ಅಂದಿದ್ದೆ. ಕರೆಂಟ್ ಬಿಲ್ಲು, ಗ್ಯಾಸಿನ ರಸೀದಿ, ದಿನಸಿ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್. ನಾನು ಹಣಕಾಸಿನ ತಜ್ಞೆ ಅಲ್ಲ. ಆದರೆ ದುಡ್ಡಿನ ಜಗಳದಲ್ಲಿ ಮಾತು ಒಂದು ಹೇಳುತ್ತದೆ, ಕಾಗದ ಇನ್ನೊಂದು ಹೇಳುತ್ತದೆ. ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡು ಕೂತರೆ ಕೆಲಸ ಬೇಗ ಆಗುತ್ತದೆ.

ಮೊದಲು ಕೈಗೆ ಸಿಕ್ಕಿದ್ದು ಕರೆಂಟ್ ಬಿಲ್ಲು. ಕಟ್ಟಬೇಕಾದ ಮೊತ್ತ: ಸೊನ್ನೆ. ಮೂರು ತಿಂಗಳೂ ಸೊನ್ನೆ. ಗೃಹಜ್ಯೋತಿಯಲ್ಲಿ ಒಂದು ಮೀಟರಿಗೆ 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಅಷ್ಟು ಯೂನಿಟ್ ಉಚಿತ ಕೊಡುತ್ತಾರೆ, ಗರಿಷ್ಠ 200. ಇವರ ಮೀಟರಿಗೆ 165 ಇತ್ತು. ಇವರು ಸುಡುತ್ತಿದ್ದದ್ದು 120, 125. ಅಂದರೆ ಇನ್ನೂ 40 ಯೂನಿಟ್ ಕೈಯಲ್ಲೇ ಇತ್ತು. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. "ಗಿರೀಶ್, ಗೀಸರ್ ಆರಿಸಿ ಈ ಮೂರು ತಿಂಗಳಲ್ಲಿ ಎಷ್ಟು ಉಳಿಸಿದಿರಿ?" ಅಂತ ಕೇಳಿದೆ. ಅವರು ಬಿಲ್ಲನ್ನು ತಿರುಗಿಸಿ ನೋಡಿದರು, ಹಿಂದುಗಡೆ ಏನಾದರೂ ಬರೆದಿರಬಹುದು ಅನ್ನುವ ಹಾಗೆ.

ಕರೆಂಟ್ ಪೋಲು ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. 165 ದಾಟಿದರೆ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೂ ನಮ್ಮದೇ. ಹಾಗಾಗಿ ತಿಂಗಳ ಮಧ್ಯದಲ್ಲಿ ಒಂದು ಸಲ ಮೀಟರ್ ನೋಡಿಕೊಳ್ಳಿ, ಅಷ್ಟು ಸಾಕು ಅಂದೆ. ಮೂವರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದರೆ ನೀರು ಮೂರು ಸಲ ಕಾಯಿಸುವುದು ತಪ್ಪುತ್ತದೆ. ಇದು ಸುಮಾಗೆ ಮೊದಲೇ ಗೊತ್ತಿತ್ತು. "ನಾನು ಹೇಳಿದ್ರೆ ಕೇಳ್ತಾರಾ?" ಅಂದರು.

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಪ್ರತಿ ತಿಂಗಳೂ ಮೂರು ಸಾವಿರದ ಆಸುಪಾಸಿನ ಒಂದು ಕಡಿತ ಇತ್ತು. ಅದರ ಕಾಗದ ಮಾತ್ರ ಫೈಲಿನಲ್ಲಿ ಇರಲಿಲ್ಲ. ಅದೇನು ಅಂತ ಜೋಡಿಯೆದುರು ಕೇಳಲಿಲ್ಲ. ಮೂರನೇ ಸಲ ಗಿರೀಶ್ ಒಬ್ಬರನ್ನೇ ಕರೆದೆ.

ಕ್ರೆಡಿಟ್ ಕಾರ್ಡು. ಬಾಕಿ 62,000. ಎರಡು ವರ್ಷದ ಹಿಂದೆ ತಂಗಿಯ ಮನೆಯ ಗೃಹಪ್ರವೇಶಕ್ಕೆ ಬೆಳ್ಳಿ ದೀಪ, ಸೀರೆ, ಆಮೇಲೆ ಅಮ್ಮನ ಕಣ್ಣಿನ ಆಪರೇಷನ್. ಅಣ್ಣ ಅನ್ನಿಸಿಕೊಂಡ ಮೇಲೆ ಬರಿಗೈಯಲ್ಲಿ ಹೋಗುವುದು ಹೇಗೆ? ಅಲ್ಲಿಂದ ತಿಂಗಳು ತಿಂಗಳೂ 'ಕನಿಷ್ಠ ಮೊತ್ತ' ಮಾತ್ರ ಕಟ್ಟುತ್ತಿದ್ದರು. ಮನೆಯಲ್ಲಿ ಹೇಳಿರಲಿಲ್ಲ.

ಮೊಬೈಲಿನಲ್ಲಿ ಸ್ಟೇಟ್‌ಮೆಂಟ್ ತೆಗೆಸಿ ಇಬ್ಬರೂ ಲೆಕ್ಕ ಹಾಕಿದೆವು. ಬಡ್ಡಿ ತಿಂಗಳಿಗೆ ಶೇ. 3.5. ಅಂದರೆ 2,170 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 2,560 ಅಂದುಕೊಳ್ಳಿ. ಇವರು ಕಟ್ಟುತ್ತಿದ್ದ 3,100ರಲ್ಲಿ ಅಸಲಿಗೆ ಹೋಗುತ್ತಿದ್ದದ್ದು 540 ಮಾತ್ರ. ಇನ್ನೊಂದು ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಹಳೆ ಬಾಕಿ ಪೂರ್ತಿ ತೀರಿಸದೆ ಅದೇ ಕಾರ್ಡಿನಲ್ಲಿ ಹೊಸದಾಗಿ ಏನೇ ಕೊಂಡರೂ ಅದಕ್ಕೆ ಕೊಂಡ ದಿನದಿಂದಲೇ ಬಡ್ಡಿ ಶುರು. ಆ 45 ದಿನ, 50 ದಿನದ ಬಡ್ಡಿರಹಿತ ಅವಧಿ ಇರುವುದು ಪೂರ್ತಿ ಕಟ್ಟುವವರಿಗೆ.

2,560 ಅಂದರೆ ದಿನಕ್ಕೆ 85 ರೂಪಾಯಿ. ಕೊತ್ತಂಬರಿ ಲೆಕ್ಕದಲ್ಲಿ ದಿನಾ ಎಂಟು ಕಟ್ಟು.

ಅದೇ ಹೊತ್ತಿಗೆ ಅವರ ಹೆಸರಿನಲ್ಲಿ 80,000ದ ಒಂದು ಎಫ್‌ಡಿ ಇತ್ತು, ಶೇ. 7ರ ಬಡ್ಡಿಗೆ. ಅದರಿಂದ ತಿಂಗಳಿಗೆ ಬರುತ್ತಿದ್ದದ್ದು 470ಕ್ಕೂ ಕಡಿಮೆ. ಅದನ್ನು ಮುರಿದು ಕಾರ್ಡು ತೀರಿಸಬಹುದಲ್ವಾ ಅಂದೆ. ಅವರ ಮುಖ ಬಿಳಚಿಕೊಂಡಿತು. "ಎಫ್‌ಡಿ ಮುರಿಯೋದಾ?" ಅಂದರು. ಆ ಎಫ್‌ಡಿ ಅವರಿಗೆ ದುಡ್ಡಲ್ಲ, ಬಾಗಿಲಿನ ಅಗುಳಿ. ಅದು ಇರುವವರೆಗೆ ಸಾಮಾನು ರಸ್ತೆಗೆ ಬರುವುದಿಲ್ಲ. ಅಂಥವರೆದುರು ಲೆಕ್ಕ ಎಷ್ಟು ಸರಿಯಾಗಿದ್ದರೂ ಅದೊಂದರಿಂದಲೇ ಕೆಲಸ ಆಗುವುದಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಮೊದಲು ಸುಮಾಗೆ ಹೇಳಿ, ಆಮೇಲೆ ಇಬ್ಬರೂ ಕೂತು ತೀರ್ಮಾನ ಮಾಡಿ ಅಂದೆ. ನಾನೇ ಹೇಳಿಬಿಡಬೇಕು ಅಂತ ಕೇಳಿಕೊಂಡರು. ಅದು ಆಗುವುದಿಲ್ಲ ಅಂದೆ.

ಹನ್ನೊಂದು ದಿನ ತೆಗೆದುಕೊಂಡರು. ಕೊನೆಗೆ ಹೇಳಿದ್ದು ರಾತ್ರಿ ಪಾತ್ರೆ ತೊಳೆಯುವ ಹೊತ್ತಿನಲ್ಲಿ, ಸುಮಾ ಆ ಕಡೆ ಮುಖ ಮಾಡಿದ್ದಾಗ. ಸುಮಾ ನಲ್ಲಿ ನಿಲ್ಲಿಸಿ ಕೇಳಿದರಂತೆ, "ಅಂದ್ರೆ ನನ್ನ ಮೇಲೆ ಕೂಗಾಡಿದ್ದೆಲ್ಲ ಇದಕ್ಕಾ?" ಆಮೇಲೆ ಎರಡು ದಿನ ಮಾತಿಲ್ಲ. ನಾಲ್ಕನೇ ಸಲ ನನ್ನ ಹತ್ತಿರ ಬಂದಾಗ ಸುಮಾಗೆ ಸಾಲಕ್ಕಿಂತ ಜಾಸ್ತಿ ಸಿಟ್ಟು ಇದ್ದದ್ದು ಬೇರೊಂದು ವಿಷಯಕ್ಕೆ. "ನಾನು ಸಾಸಿವೆ ಡಬ್ಬೀಲಿ 3,400 ಇಟ್ಕೊಂಡು ಕಳ್ಳಿ ಥರ ಬದುಕಿದೆ. ಇವರು 62,000 ಇಟ್ಕೊಂಡು ಯಜಮಾನರ ಥರ ಬದುಕಿದ್ರು." ಈ ಮಾತಿಗೆ ಗಿರೀಶ್ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಆ ಗಂಟೆ ಪೂರ್ತಿ ಅದಕ್ಕೇ ಹೋಯಿತು. ಉಳಿತಾಯದ ಮಾತು ಆಡಲಿಲ್ಲ.

ಐದನೇ ಸಲದಿಂದ ಮನೆ ನಡೆಸುವ ಮಾತು ಶುರುವಾಯಿತು. ಎಫ್‌ಡಿ ಮುರಿದರು. ಅವಧಿಗೆ ಮುಂಚೆ ಮುರಿದರೆ ಬ್ಯಾಂಕು ಸ್ವಲ್ಪ ಬಡ್ಡಿ ಕಡಿಮೆ ಮಾಡುತ್ತದೆ, ಮಾಡಲಿ. ಕಾರ್ಡಿನ ಬಾಕಿ ಪೂರ್ತಿ ತೀರಿತು. ಉಳಿದ 18,000ವನ್ನು ಇಬ್ಬರ ಹೆಸರಿನ ಖಾತೆಯಲ್ಲಿ ಇಟ್ಟರು. ತಿಂಗಳು ತಿಂಗಳೂ ಕಾರ್ಡಿಗೆ ಹೋಗುತ್ತಿದ್ದ 3,100 ಈಗ ಆ ಖಾತೆಗೇ ಹೋಗಲಿ ಅಂದೆ. ಹಾಗೆ ಮಾಡಿದರೆ 80,000 ಮತ್ತೆ ತುಂಬಲು ಎರಡು ವರ್ಷವೂ ಬೇಡ. ಈ ಮಾತು ಕೇಳಿದ ಮೇಲೇ ಗಿರೀಶ್ ಕುರ್ಚಿಗೆ ಒರಗಿದ್ದು.

ಆಮೇಲೆ ಒಂದು ತಿಂಗಳು ಕೆಲಸ ಅದಲು ಬದಲು ಮಾಡಿಕೊಳ್ಳಿ ಅಂದೆ. ತರಕಾರಿ ಗಿರೀಶ್ ತರಬೇಕು, ಬ್ಯಾಂಕಿನ ವ್ಯವಹಾರ ಸುಮಾ ನೋಡಬೇಕು. ಮೊದಲ ವಾರವೇ ಗಿರೀಶ್ ಸಂತೆ ಮುಗಿಯುವ ಹೊತ್ತಿಗೆ ಹೋಗಿ, ಅಗ್ಗ ಅಂತ ಮೂರು ಕೆ.ಜಿ. ಟೊಮೆಟೊ ತಂದರು. ಅರ್ಧ ಕೊಳೆಯಿತು. ಸುಮಾ ಏನೂ ಅನ್ನಲಿಲ್ಲವಂತೆ. ಉಳಿದ ಅರ್ಧಕ್ಕೆ ಗೊಜ್ಜು ಮಾಡಿ ನಾಲ್ಕು ದಿನ ಬಡಿಸಿದರು. ಇದನ್ನು ಹೇಳುವಾಗ ಇಬ್ಬರೂ ನಕ್ಕರು. ಅವರ ನಗು ನಾನು ನೋಡಿದ್ದು ಅದೇ ಮೊದಲು.

ಅಡುಗೆಮನೆಯ ಉಳಿತಾಯದಲ್ಲಿ ಸುಮಾಗೆ ನಾನು ಹೇಳಿಕೊಡುವಂಥದ್ದು ಏನೂ ಇರಲಿಲ್ಲ. ತೊಗರಿಬೇಳೆ ಅರ್ಧ ಗಂಟೆ ನೆನೆಸಿ, ಕುಕ್ಕರಿನಲ್ಲಿ ಕೆಳಗೆ ಬೇಳೆ ಮೇಲೆ ಅಕ್ಕಿ ಇಟ್ಟು ಒಟ್ಟಿಗೆ ಬೇಯಿಸುತ್ತಾರೆ. ಮೊದಲ ವಿಷಲ್ ಆದ ಮೇಲೆ ಉರಿ ಸಣ್ಣ. ಹೀರೆಕಾಯಿ ಸಿಪ್ಪೆ ಚಟ್ನಿಗೆ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಅಕ್ಕಿಹಿಟ್ಟಿನ ಜೊತೆ ಕಲೆಸಿ ರೊಟ್ಟಿ. ಅವರೆಕಾಯಿ ಕಾಲದಲ್ಲಿ ಅವರೆ, ಮಾವಿನ ಕಾಲದಲ್ಲಿ ಮಾವು, ಕಾಲ ಅಲ್ಲದ ತರಕಾರಿಗೆ ಕೈ ಹಾಕುವುದಿಲ್ಲ. ಸಾರಿನ ಪುಡಿ ಬೇಸಿಗೆಯಲ್ಲಿ ಮಿಲ್ಲಿಗೆ ಕೊಟ್ಟು ವರ್ಷಕ್ಕಾಗುವಷ್ಟು ಮಾಡಿಸುತ್ತಾರೆ. ಇಷ್ಟೆಲ್ಲ ಮಾಡುವ ಹೆಂಗಸಿಗೆ 'ದುಂದುಗಾರ್ತಿ' ಅನ್ನುವ ಹೆಸರು ಬಂದಿತ್ತು. ನಾನು ಕೊಟ್ಟದ್ದು ಒಂದೇ ಸಲಹೆ. ಗಿರೀಶ್ ಅಮ್ಮನ ಬಿಪಿ ಮಾತ್ರೆಯನ್ನು ಜನೌಷಧಿ ಕೇಂದ್ರದಲ್ಲಿ ತರಬಹುದಾ ಅಂತ ಡಾಕ್ಟರನ್ನು ಕೇಳಿ ಅಂದೆ. ಅವರು ಆಗಬಹುದು ಅಂದರು. ಆ ಖರ್ಚು ಅರ್ಧಕ್ಕಿಂತ ಕಡಿಮೆ ಆಯಿತು.

ಇನ್ನೂ ಮೂರು ವಿಷಯ ಬರೆಸಿದೆ. ಮನೆಯಲ್ಲಿ ಯಾವುದಕ್ಕೆ ಕತ್ತರಿ ಹಾಕಬಾರದು ಅನ್ನುವ ಪಟ್ಟಿ, ಅದು ಫ್ರಿಡ್ಜಿನ ಮೇಲೆ ಅಂಟಿಸಿರಬೇಕು, ಮಗಳ ಕಣ್ಣಿಗೆ ಬೀಳುವ ಹಾಗೆ. ಹಾಲು, ಔಷಧಿ, ಶೂ, ಸ್ಕೂಲಿನ ಖರ್ಚು, ಸುಮಾ ತವರಿಗೆ ಹೋಗುವ ಆಟೋ. ಶೂ ವಿಷಯದಲ್ಲಿ ಅಪ್ಪನೇ ಮೂರು ತಿಂಗಳಿಗೊಮ್ಮೆ ಮಗಳನ್ನು ನಿಲ್ಲಿಸಿ ಒತ್ತಿ ನೋಡಬೇಕು. ಬೆರಳ ತುದಿಗೂ ಶೂ ತುದಿಗೂ ನಡುವೆ ದೊಡ್ಡವರ ಹೆಬ್ಬೆರಳಿನಷ್ಟು ಜಾಗ ಇದೆಯಾ? ಇಲ್ಲದಿದ್ದರೆ ಅವಳು ಕೇಳುವ ಮೊದಲೇ ಹೊಸದು.

ಎರಡನೆಯದು, ಇಬ್ಬರಿಗೂ ತಿಂಗಳಿಗೆ 700 ರೂಪಾಯಿ, ಲೆಕ್ಕ ಕೇಳುವ ಹಾಗಿಲ್ಲ. ಗಿರೀಶ್ ತಮಗೆ ಬೇಡ ಅಂದರು. ನಿಮಗೆ ಬೇಕೇ ಬೇಕು ಅಂದೆ. ತನಗೆ ಅಂತ ಐದು ರೂಪಾಯಿ ಖರ್ಚು ಮಾಡದವನು ಮನೆಯವರ ಐದು ರೂಪಾಯಿಯನ್ನು ಎಣಿಸುತ್ತಾ ಕೂರುತ್ತಾನೆ, ಇದು ನಾನು ಬಹಳ ಮನೆಗಳಲ್ಲಿ ನೋಡಿದ್ದು.

ಮೂರನೆಯದು ಲೆಕ್ಕದ ಪುಸ್ತಕ. ಇಬ್ಬರೂ ಬರೆಯಬೇಕು, ವಾರದ ಮಧ್ಯೆ ಯಾರೂ ಪ್ರಶ್ನೆ ಕೇಳಬಾರದು. ಏನಿದ್ದರೂ ಭಾನುವಾರ ಕಾಫಿ ಹೊತ್ತಿನಲ್ಲಿ ಇಪ್ಪತ್ತು ನಿಮಿಷ. ಇದು ಎರಡನೇ ತಿಂಗಳೇ ಕೆಟ್ಟಿತು. ಮಂಗಳವಾರ ಗಿರೀಶ್ ಬಾಯಿ ತಡೆಯದೆ "ಇದೇನಿದು 180?" ಅಂದರು. ಸುಮಾ ಪುಸ್ತಕ ಮುಚ್ಚಿ ಬೀರುವಿನ ಮೇಲಿಟ್ಟರು. ಮೂರು ವಾರ ಅದು ಅಲ್ಲೇ ಇತ್ತು. ನನ್ನ ಹತ್ತಿರ ಬಂದಾಗ ಪ್ರಶ್ನೆ ಬಂದರೆ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡಿ, ಭಾನುವಾರ ಕೇಳಿ ಅಂದೆ. ಮೊದಲ ವಾರ ಒಂಬತ್ತು ಚುಕ್ಕಿ. ಐದನೇ ವಾರ ಎರಡು, ಅದರಲ್ಲಿ ಒಂದು ಸುಮಾ ಇಟ್ಟದ್ದು, ಗಿರೀಶ್ ತಂದ ಬಿಸ್ಕತ್ತಿನ ಮೇಲೆ.

ಎಲ್ಲ ಸರಿಹೋಯಿತು ಅಂತ ಬರೆಯಲಾರೆ. ಬೆಳ್ಳಿ ದೀಪ ಸಾಲದಲ್ಲಿ ಬಂದದ್ದು ಅಂತ ಗಿರೀಶ್ ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ಯುಗಾದಿಗೆ ತಂಗಿಗೆ ಏನು ಕೊಡುವುದು ಅನ್ನುವ ಮಾತು ಮನೆಯಲ್ಲಿ ಶುರುವಾಗಿದೆ. ಸಾಸಿವೆ ಡಬ್ಬಿಯ ದುಡ್ಡು ಅಲ್ಲೇ ಇದೆ. ತೆಗೆಯಬೇಡಿ ಅಂತ ನಾನೇ ಹೇಳಿದ್ದೇನೆ, ಈಗ ಅದು ಗಿರೀಶ್‌ಗೂ ಗೊತ್ತಿದೆ.

ಕಳೆದ ಸಲ ಮಗಳೂ ಬಂದಿದ್ದಳು. ಹೊಸ ಶೂ. ಒಂದು ಸೈಜು ದೊಡ್ಡದೇ ತಂದು ಮುಂದೆ ಹತ್ತಿ ತುರುಕಿದ್ದರು, ಒಂದು ವರ್ಷ ಬರಲಿ ಅಂತ. ನಾನು ಗಿರೀಶ್ ಮುಖ ನೋಡಿದೆ. "ಐಡಿಯಾ ನಂದಲ್ಲ ಮೇಡಂ, ಇವಳದ್ದು" ಅಂತ ಸುಮಾ ಕಡೆ ಕೈ ತೋರಿಸಿದರು. ಸುಮಾ ಇಲ್ಲ ಅನ್ನಲಿಲ್ಲ. ಹೊರಡುವಾಗ ಹುಡುಗಿ ಬಾಗಿಲ ಹತ್ತಿರ ನಿಂತು, ನಾನಿನ್ನೂ ಕೋಣೆಯಲ್ಲೇ ಕೂತಿದ್ದೆ, ಟಪ್ ಅಂತ ಎರಡೂ ಲೈಟ್ ಆರಿಸಿ ಹೋದಳು.