ಓದುಗರ ಪ್ರಶ್ನೆ: ಮೊಟ್ಟೆಯ ಬಿಳಿಯ ಕಿಣ್ವ, ಕಂಪ್ಯೂಟರಿನ ಒಳಗೆ

ಪ್ರಶ್ನೆ: ಕಿಣ್ವ ಕೆಲಸ ಮಾಡುವುದನ್ನು ಕಂಪ್ಯೂಟರಿನಲ್ಲಿ ‘ನೋಡಿದರು’ ಎಂದು ಬರೆಯುತ್ತಾರೆ. ಅಲ್ಲಿ ನಿಜಕ್ಕೂ ಕಾಣುವುದೇನು?

ಉತ್ತರ: ಬರೀ ಲೆಕ್ಕ. ಪ್ರತಿ ಪರಮಾಣುವಿನ ಮೇಲಿನ ಬಲ ಲೆಕ್ಕಹಾಕಿ, 2 ಫೆಮ್ಟೊಸೆಕೆಂಡಿನಲ್ಲಿ (ಫೆಮ್ಟೊಸೆಕೆಂಡು ಎಂದರೆ ನ್ಯಾನೊಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ) ಅದು ಎಷ್ಟು ಸರಿದೀತೋ ಅಷ್ಟು ಸರಿಸಿ, ಮತ್ತೆ ಬಲ ಲೆಕ್ಕಹಾಕುವುದು. 100 ನ್ಯಾನೊಸೆಕೆಂಡಿಗೆ (ನ್ಯಾನೊ ಎಂದರೆ ನೂರು ಕೋಟಿಯಲ್ಲೊಂದು ಭಾಗ) ಇಂಥ 5 ಕೋಟಿ ಹೆಜ್ಜೆ ಬೇಕು. 1977ರಲ್ಲಿ ಮೊದಲ ಸಲ ಒಂದು ಪುಟ್ಟ ಪ್ರೋಟೀನನ್ನು ಹೀಗೆ ಓಡಿಸಿದಾಗ ಸಾಧ್ಯವಾದದ್ದು 10 ಪಿಕೊಸೆಕೆಂಡಿಗೂ (ನ್ಯಾನೊಸೆಕೆಂಡಿನ ಸಾವಿರದಲ್ಲೊಂದು ಭಾಗ ಒಂದು ಪಿಕೊಸೆಕೆಂಡು) ಕಡಿಮೆ, ಅದೂ ಸುತ್ತ ನೀರಿಲ್ಲದೆ.

ಈ ಲೆಕ್ಕದಲ್ಲಿ ಬಂಧವೆಂದರೆ ಸ್ಪ್ರಿಂಗು, ಎಷ್ಟೆಳೆದರೂ ತುಂಡಾಗದು. ಆದರೆ ಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮಿನ ಕೆಲಸವೇ ಬ್ಯಾಕ್ಟೀರಿಯಾ ಗೋಡೆಯ ಸಕ್ಕರೆ ಬಂಧ ಕಡಿಯುವುದು. ಅದಕ್ಕೇ 1976ರಲ್ಲಿ ವಾರ್ಷೆಲ್ ಮತ್ತು ಲೆವಿಟ್, ಕಡಿತದ ಜಾಗಕ್ಕಷ್ಟೇ ಎಲೆಕ್ಟ್ರಾನುಗಳನ್ನೂ ಹಿಡಿಯುವ ಕ್ವಾಂಟಂ ಲೆಕ್ಕ, ಮಿಕ್ಕಿದ್ದಕ್ಕೆಲ್ಲ ಸ್ಪ್ರಿಂಗು ಎಂದು ಹಂಚಿದರು. (2013ರ ರಸಾಯನಶಾಸ್ತ್ರದ ನೊಬೆಲ್ ಕಾರ್ಪ್ಲಸ್ ಜೊತೆಗೆ ಇವರಿಬ್ಬರಿಗೂ ಬಂತು.) ಈ ಎರಡು ಭಾಗಗಳ ನಡುವೆ ಗಡಿ ಎಳೆಯುವಾಗ ಎಚ್ಚರ: ಪ್ರೋಟೀನಿನ ಬೆನ್ನೆಲುಬಿನ ಆಲ್ಫಾ ಕಾರ್ಬನ್ ಮತ್ತು ಅದರ ಪಕ್ಕದ ಕವಲಿನ ಮೊದಲ (ಬೀಟಾ) ಕಾರ್ಬನ್ ನಡುವಿನ ಒಂಟಿ ಬಂಧದಲ್ಲಿ ಕತ್ತರಿಸಿ, ತುದಿಗೆ ಹೈಡ್ರೋಜನ್ ಇಡಿ. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಜೋಡಿಸುವ ಪೆಪ್ಟೈಡ್ ಬಂಧಕ್ಕೆ ಕತ್ತರಿ ಹಾಕಬೇಡಿ, ಅಲ್ಲಿ ಎಲೆಕ್ಟ್ರಾನುಗಳು ಎರಡೂ ಬದಿಗೆ ಹರಡಿರುತ್ತವೆ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ, ಇಂಥ ಲೆಕ್ಕ ಹಾಕುವ ತಂತ್ರಾಂಶ ಗ್ರೋಮ್ಯಾಕ್ಸ್‌ನಲ್ಲಿ ಲೈಸೋಜೈಮ್ ಓಡಿಸುತ್ತಿದ್ದೇನೆ. ‘ಲಿಂಕ್ಸ್ ವಾರ್ನಿಂಗ್’ (ಲಿಂಕ್ಸ್ ಎಂದರೆ ಬಂಧಗಳ ಉದ್ದ ಕಾಯುವ ಭಾಗ) ಬಂದು ನಿಲ್ಲುತ್ತದೆ. ಟೈಮ್‌ಸ್ಟೆಪ್ (ಒಂದು ಹೆಜ್ಜೆಯ ಕಾಲ) 1 ಫೆಮ್ಟೊಸೆಕೆಂಡಿಗೆ ಇಳಿಸಲೇ?

ಉತ್ತರ: ಬೇಡ. ಇಳಿಸಿದರೆ ಓಡಬಹುದು, ರೋಗ ಮಾತ್ರ ಒಳಗೇ ಉಳಿಯುತ್ತದೆ. ಲಿಂಕ್ಸ್ ದೂರು ಹೇಳುವುದಷ್ಟೇ; ತಪ್ಪು ಅದಕ್ಕೂ ಮೊದಲೇ ಆಗಿರುತ್ತದೆ, ಸಾಮಾನ್ಯವಾಗಿ ಎರಡು ಪರಮಾಣುಗಳು ಒಂದರ ಮೇಲೊಂದು ಕೂತಿರುತ್ತವೆ. ಎನರ್ಜಿ ಮಿನಿಮೈಸೇಶನ್ (ಓಡಿಸುವ ಮೊದಲು ಪರಮಾಣುಗಳನ್ನು ತುಸು ಸರಿಸಿ ಬಲ ತಗ್ಗಿಸುವ ಹಂತ) ಲಾಗ್ ತೆರೆಯಿರಿ: ಗರಿಷ್ಠ ಬಲ 1000 ಕಿಲೋಜೂಲ್/ಮೋಲ್/ನ್ಯಾನೊಮೀಟರಿಗಿಂತ ಕೆಳಗಿಳಿದಿದೆಯೇ? ಇಲ್ಲದಿದ್ದರೆ, ಆ ಬಲ ಹೊತ್ತ ಪರಮಾಣುವಿನ ಸಂಖ್ಯೆಯೂ ಅಲ್ಲೇ ಇರುತ್ತದೆ; ಚಿತ್ರದಲ್ಲಿ ಅದರ ಸುತ್ತಮುತ್ತ ನೋಡಿ. ಪ್ರೋಟೀನಿನ ರಚನೆಯಲ್ಲಿ ಬಿಟ್ಟುಹೋದ ಭಾಗವನ್ನು ನೀವೇ ಕಟ್ಟಿದ್ದರೆ, ಬೆನ್ನೆಲುಬಿನ ಯಾವ ತಿರುವು ಕೋನಗಳು ಸಾಧ್ಯವೆಂದು ತೋರಿಸುವ ರಾಮಚಂದ್ರನ್ ನಕ್ಷೆಯಲ್ಲಿ ಅದರ ಕೋನಗಳನ್ನು ಪರೀಕ್ಷಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದ ಜಿ. ಎನ್. ರಾಮಚಂದ್ರನ್ ಅವರದೇ ನಕ್ಷೆ ಅದು. ಇದೆಲ್ಲ ಸರಿಯಿದ್ದರೆ, ಪ್ರೋಟೀನನ್ನು ಹಿಡಿದಿಟ್ಟು 300 ಕೆಲ್ವಿನ್‌ನಲ್ಲಿ 100 ಪಿಕೊಸೆಕೆಂಡು, ಬಳಿಕ 1 ಬಾರ್ ಒತ್ತಡದಲ್ಲಿ ಇನ್ನೊಂದು 100, ಆಮೇಲಷ್ಟೇ ಬಿಡಿ.

ವಾರ್ನಿಂಗ್ ಕೊಡದೆ ಕೆಡಿಸುವ ತಪ್ಪು ಬೇರೆಯೇ ಇದೆ. ಲೈಸೋಜೈಮಿನ ಸರಪಳಿಯ 35ನೇ ಅಮೈನೋ ಆಮ್ಲವಾದ ಗ್ಲುಟಮಿಕ್ ಆಮ್ಲಕ್ಕೆ ಪ್ರೋಗ್ರಾಮು ತಾನಾಗಿ ಋಣ ಆವೇಶ ಹಾಕುತ್ತದೆ. ಸಕ್ಕರೆ ಕಡಿಯಲು ಪ್ರೋಟಾನ್ ಕೊಡಬೇಕಾದ್ದೇ ಅದು! ಕೈಯಾರೆ ಪ್ರೋಟಾನ್ ಸೇರಿಸಿ. ಆಗ ಒಟ್ಟು ಆವೇಶ +8 ಹೋಗಿ +9 ಆಗುವುದರಿಂದ, ಅದನ್ನು ಸರಿದೂಗಿಸುವ ಋಣ ಆವೇಶದ ಕ್ಲೋರೈಡುಗಳೂ 9 ಬೇಕು.

ಪ್ರಶ್ನೆ: ಒಂದೇ ಸಲ ಓಡಿಸಿದರೆ ಸಾಲದೇ?

ಉತ್ತರ: ಸಾಲದು. ಒಂದೇ ಓಟದ ಉತ್ತರ ಎಷ್ಟು ನಂಬಬಹುದೆಂದು ತಿಳಿಯದು; ಪರಮಾಣುಗಳ ಆರಂಭದ ವೇಗಗಳನ್ನು ಬದಲಿಸಿ ಕನಿಷ್ಠ 3 ಸಲ ಓಡಿಸಿ. ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆಗೋಡೆಯ ಲೆಕ್ಕದಲ್ಲಿ ಬರೀ 1.4 ಕಿಲೋಕ್ಯಾಲರಿ/ಮೋಲ್ ತಪ್ಪಿದರೂ ಕ್ರಿಯೆಯ ವೇಗ 10 ಪಟ್ಟು ತಪ್ಪುತ್ತದೆ.