ಕುದುರೆಯ ಕಾಲರ್, ಅದರ ಅಳತೆ, ಅದರ ಬೀಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಗಾಡಿ ಎಳೆಯುವ ಪ್ರಾಣಿಗಳ ಸಾಜಿಗೆ, ಅಂದರೆ ಅವುಗಳನ್ನು ಗಾಡಿಗೆ ಕಟ್ಟಲು ಮೈಮೇಲೆ ಹಾಕುವ ಪಟ್ಟಿ, ಕಾಲರ್ ಮುಂತಾದವಕ್ಕೆ, ಸಂಬಂಧಿಸಿದವನ್ನಷ್ಟೇ ಆರಿಸಿಕೊಂಡಿದ್ದೇವೆ. ಕಾಲರ್ ಎಂದರೆ ಕುದುರೆ ಭುಜಗಳಿಂದ ಎಳೆಯಲೆಂದು ಅದರ ಕೊರಳಿಗೆ ಹಾಕುವ, ಒಳಗೆ ಮೆತ್ತೆಯಿರುವ ಬಳೆ.

ಪ್ರಶ್ನೆ: ನಾವು ದಾವಣಗೆರೆಯ ಮಂಡಿಪೇಟೆಯಿಂದ ಅಂಗಡಿಗಳಿಗೆ ಕುದುರೆ ಗಾಡಿಯಲ್ಲಿ ಸಾಮಾನು ಸಾಗಿಸುತ್ತೇವೆ. ಇರುವ ಎರಡು ಕುದುರೆಗಳಲ್ಲಿ ಒಂದು ದಪ್ಪ ಕೊರಳಿನದು, ಇನ್ನೊಂದು ಸಣಕಲು. ಒಂದೇ ಕಾಲರನ್ನು ಹಿಗ್ಗಿಸಿ ಕುಗ್ಗಿಸಿ ಎರಡಕ್ಕೂ ಹಾಕುವಂತೆ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆವು. ಬಲಬದಿಯಲ್ಲಿ ಸಾಲಾಗಿ ತೂತುಗಳಿರುವ ಕಬ್ಬಿಣದ ಪಟ್ಟಿ ಇದ್ದು, ಅದಕ್ಕೆ ಸ್ಪ್ರಿಂಗ್ ಪಿನ್ ಕೂರುತ್ತದೆ. ರಸ್ತೆಯ ಕುಲುಕಾಟಕ್ಕೆ ಪಿನ್ ಆಗಾಗ ಜಿಗಿದು ಕಾಲರ್ ಸಡಿಲವಾಗುತ್ತದೆ. ಈಗ ದೊಡ್ಡ ಕುದುರೆಯ ಎಡ ಭುಜದಲ್ಲಿ ಹುಣ್ಣಾಗಿದೆ. ಇದಕ್ಕಿಂತ ಬಲವಾದ ಬೀಗ ಯಾವುದು?
— ಓದುಗರೊಬ್ಬರು, ಹಳೇ ದಾವಣಗೆರೆ

ಉತ್ತರ: ಮೊದಲು ಹುಣ್ಣಿನ ಮಾತು. ಹುಣ್ಣು ಪೂರ್ತಿ ಮಾಯುವವರೆಗೆ ಆ ಕುದುರೆಗೆ ಕಾಲರ್ ಹಾಕಬೇಡಿ, ಪಶುವೈದ್ಯರಿಗೆ ತೋರಿಸಿ. ಮೇಲೆ ಬಟ್ಟೆ ಸುತ್ತಿ ಗಾಡಿಗೆ ಕಟ್ಟಿದರೆ ಹುಣ್ಣು ಒಳಕ್ಕೆ ಇಳಿಯುತ್ತದೆ. ಮಾಯ್ದ ಮೇಲೂ ಅಲ್ಲಿ ಬಿಳಿ ಕೂದಲು ಹುಟ್ಟಿ ಗುರುತು ಉಳಿದುಬಿಡುತ್ತದೆ.

ಇನ್ನು ಬೀಗದ ಮಾತು. ನೀವು ಒಂದೇ ಬೀಗದಿಂದ ಎರಡು ಕೆಲಸಗಳನ್ನು ನಿರೀಕ್ಷಿಸುತ್ತಿದ್ದೀರಿ. ಕಾಲರಿನ ಅಳತೆಯನ್ನು ಹಿಡಿದಿಡುವುದು ಒಂದು ಕೆಲಸ, ಕುದುರೆ ಜಾರಿ ಬಿದ್ದಾಗ ಕಾಲರನ್ನು ಕ್ಷಣದಲ್ಲಿ ಕಳಚುವುದು ಇನ್ನೊಂದು. ಮೊದಲನೆಯ ಬೀಗ ದುಡಿಮೆಯ ನಡುವೆ ಎಂದೂ ತೆರೆಯಕೂಡದು. ಎರಡನೆಯದು ಒಂದೇ ಕೈಯಲ್ಲಿ, ಅದೂ ಪೂರ್ತಿ ಭಾರ ಬಿದ್ದಿರುವಾಗಲೇ ತೆರೆಯಬೇಕು. ಎರಡನ್ನೂ ಒಂದೇ ಪಿನ್ನಿಗೆ ಹೊರಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗುತ್ತದೆ. ನಿಮ್ಮ ಸ್ಪ್ರಿಂಗ್ ಪಿನ್ನಿನ ಪಾಡು ಇದೇ. ಕೈಯಿಂದ ಸುಲಭವಾಗಿ ಎಳೆಯಲು ಬರಲಿ ಎಂದು ಸ್ಪ್ರಿಂಗನ್ನು ಮೃದುವಾಗಿ ಇಟ್ಟಿರುತ್ತಾರೆ, ಆ ಮೃದುತ್ವದಿಂದಲೇ ಅದು ಕುಲುಕಾಟಕ್ಕೆ ಜಿಗಿಯುತ್ತದೆ. ಆದರೂ ಬಿದ್ದ ಕುದುರೆಯ ಎಳೆತ ಅದರ ಮೇಲಿದ್ದಾಗ ಅದನ್ನು ಕೀಳಲು ಯಾರಿಂದಲೂ ಆಗದು.

ಪಿನ್ ದಪ್ಪವಾಗಿಲ್ಲ ಎಂಬುದು ಇಲ್ಲಿ ಕಾರಣವಲ್ಲ. 6 ಮಿ.ಮೀ. ದಪ್ಪದ ಸಾಮಾನ್ಯ ಉಕ್ಕಿನ ಪಿನ್ನನ್ನು ಅಡ್ಡಕ್ಕೆ ಕತ್ತರಿಸಿ ಹಾಕಲು 500 ಕೆ.ಜಿ.ಗೂ ಮಿಕ್ಕ ಬಲ ಬೇಕು. 250 ಕೆ.ಜಿ. ತೂಕದ ಕುದುರೆ ಎಡೆಬಿಡದೆ ಎಳೆಯಬಲ್ಲದ್ದು ತನ್ನ ತೂಕದ ಸುಮಾರು ಹತ್ತನೆಯ ಒಂದು ಪಾಲು, ಅಂದರೆ 25 ಕೆ.ಜಿ. ಆಸುಪಾಸು, ನಿಂತ ಗಾಡಿಯನ್ನು ಕೀಳುವಾಗಿನ ಜಗ್ಗಾಟ ಅದರ ಹಲವು ಪಟ್ಟು ಇದ್ದರೂ ಪಿನ್ ತುಂಡಾಗುವ ಮಾತಿಲ್ಲ. ಸವೆಯುವುದು ತೂತು. 2 ಮಿ.ಮೀ. ತಗಡಿನಲ್ಲಿ ಕೊರೆದ ತೂತು ದಿನವೂ ಜಗ್ಗಿಸಿಕೊಂಡು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ, ಪಿನ್ ಅಲ್ಲಾಡತೊಡಗುತ್ತದೆ, ಅಲ್ಲಾಡಿದ ಪಿನ್ ಮೇಲಕ್ಕೆ ತೆವಳುತ್ತದೆ. ಆದ್ದರಿಂದ 5 ಮಿ.ಮೀ. ದಪ್ಪದ ಪಟ್ಟಿಯನ್ನು ಬಳಸಿ, ಸ್ಪ್ರಿಂಗನ್ನು ಕೈಬಿಟ್ಟು, ತಲೆಯಿರುವ ಪಿನ್ನನ್ನು ಅಡ್ಡಕ್ಕೆ ತೂರಿಸಿ, ಅದರ ತುದಿಗೆ ಕಾಟರ್ ಪಿನ್ (ತೂರಿಸಿ ಎರಡು ಕಾಲುಗಳನ್ನು ಬಾಗಿಸುವ ಸಣ್ಣ ತಂತಿ ಪಿನ್) ಮಡಚಿಸಿ. ಪಿನ್ನಿನ ಎರಡೂ ತುದಿಗಳು ಮೆತ್ತೆಯಿಂದ ಆಚೆ, ಕಾಲರಿನ ಹೊರಮೈಯಲ್ಲೇ ಇರಬೇಕು. ಅದರ ಮೇಲೊಂದು ಚರ್ಮದ ಮುಚ್ಚಳ ಹೊಲಿಸಿದರೆ ಕೇಸರವೂ ಸಿಕ್ಕಿಕೊಳ್ಳುವುದಿಲ್ಲ, ಧೂಳೂ ತುಂಬುವುದಿಲ್ಲ.

ತೂತುಗಳ ಅಂತರದ ವಿಷಯದಲ್ಲಿ ಒಂದು ಜಾಣ ದಾರಿ ಇದೆ. ಅಳತೆ 5 ಮಿ.ಮೀ.ನಂತೆ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬದಲಾಗಲಿ ಎಂದು ತೂತುಗಳನ್ನು ಒತ್ತೊತ್ತಾಗಿ ಕೊರೆಯಲು ಹೋದರೆ ಒಂದು ತೂತು ಇನ್ನೊಂದನ್ನು ನುಂಗುತ್ತದೆ. ಅದರ ಬದಲು ಒಳಗೆ ಜಾರುವ ಪಟ್ಟಿಯಲ್ಲಿ 20 ಮಿ.ಮೀ.ಗೆ ಒಂದರಂತೆ, ಹೊರಗಿನ ಪಟ್ಟಿಯಲ್ಲಿ 25 ಮಿ.ಮೀ.ಗೆ ಒಂದರಂತೆ ನಾಲ್ಕು ತೂತುಗಳನ್ನು ಕೊರೆಸಿ. ಪಟ್ಟಿಯನ್ನು 5 ಮಿ.ಮೀ. ಜರುಗಿಸಿದಾಗಲೆಲ್ಲ ಯಾವುದಾದರೂ ಒಂದು ಜೋಡಿ ತೂತು ಎದುರುಬದುರಾಗುತ್ತದೆ. ಯಾವ ಪಟ್ಟಿಯೂ ಬಲ ಕಳೆದುಕೊಳ್ಳುವುದಿಲ್ಲ. ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ರೂಢಿಯಿರುವ ಲೇತ್ ಕೆಲಸಗಾರರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು.

ಆದರೆ ಹುಣ್ಣಿಗೆ ಮುಖ್ಯ ಕಾರಣ ನಿಮ್ಮ ಪತ್ರದಲ್ಲೇ ಇದೆ: ಪಟ್ಟಿ ಬಲಬದಿಯಲ್ಲಿ ಮಾತ್ರ ಇದೆ. ಒಂದೇ ಬದಿಯನ್ನು ಉದ್ದ ಮಾಡಿದಾಗ ಕಾಲರ್ ಕೊರಳಿನ ಮೇಲೆ ಓರೆಯಾಗಿ ಕೂರುತ್ತದೆ, ಗಾಡಿಯ ಎಳೆಪಟ್ಟಿಗಳು ಸಿಕ್ಕುವ ಎರಡು ಕೊಂಡಿಗಳು ಒಂದೇ ಎತ್ತರದಲ್ಲಿ ಉಳಿಯುವುದಿಲ್ಲ, ಭಾರವೆಲ್ಲ ಒಂದು ಭುಜದ ಮೇಲೆ ಬೀಳುತ್ತದೆ. ಹಿಗ್ಗಿಸುವ ವ್ಯವಸ್ಥೆ ಎರಡೂ ಬದಿಗೆ ಇರಬೇಕು, ಎರಡೂ ಬದಿಯ ತೂತುಗಳ ಪಕ್ಕದಲ್ಲಿ ಒಂದೇ ಬಗೆಯ ಅಂಕಿಗಳನ್ನು ಪಂಚ್‌ನಿಂದ ಕೊಟ್ಟಿರಬೇಕು. ಕತ್ತಲಿದ್ದಾಗ ಬೆಳಗಿನ ಜಾವ ಗಾಡಿ ಕಟ್ಟುವವರು ಬೆರಳಾಡಿಸಿಯೇ ಎಡಕ್ಕೂ ಬಲಕ್ಕೂ ಒಂದೇ ಅಂಕಿ ಇದೆಯೇ ಎಂದು ನೋಡಿಕೊಳ್ಳುವಂತಿದ್ದರೆ ಇನ್ನೂ ಒಳ್ಳೆಯದು.

ಕಳಚುವ ಬೀಗವನ್ನು ಕಾಲರಿನ ಕೆಳತುದಿಯಲ್ಲಿ ಬೇರೆಯಾಗಿಯೇ ಇಡಿ. ಕಾಲರಿನ ಹೊರಗಿನ ತೋಡಿನಲ್ಲಿ ಎರಡೂ ಬದಿಗೆ ಕೂರುವ ಬಾಗಿದ ಪಟ್ಟಿಗಳನ್ನು, ಅಂದರೆ ಪಶ್ಚಿಮದ ದೇಶಗಳಲ್ಲಿ ಹೇಮ್ಸ್ ಎಂದು ಕರೆಯುವ ಭಾಗವನ್ನು, ಕೆಳಗೆ ಒಂದು ಚರ್ಮದ ಪಟ್ಟಿ ಮತ್ತು ಬಕಲ್ ಬಿಗಿದು ಹಿಡಿದಿರುತ್ತವೆ. ಆ ಪಟ್ಟಿ ಬಿಚ್ಚಿದರೆ ಹೇಮ್ಸ್ ಕಳಚಿಕೊಂಡು ಎಳೆತ ತಪ್ಪುತ್ತದೆ. ಅಲ್ಲಿ ಲಿವರ್ ಮಾದರಿಯ ಕ್ಲಿಪ್ ಹಾಕಿಸಬಹುದು. ಅದು ಭಾರವಿದ್ದಾಗಲೂ ತೆರೆಯುತ್ತದೆ. ನನ್ನನ್ನು ಕೇಳಿದರೆ ಚರ್ಮದ ಪಟ್ಟಿಯೇ ವಾಸಿ. ಬಕಲ್ ಸಿಕ್ಕಿಕೊಂಡರೂ ಚೂರಿಯಿಂದ ಕೊಯ್ದುಬಿಡಬಹುದು, ಉಕ್ಕಿನ ಕ್ಲಿಪ್ ತುಕ್ಕು ಹಿಡಿದರೆ ಆ ದಾರಿಯೂ ಇಲ್ಲ.

ಅಳತೆ ನೋಡುವ ಬಗೆ ಹೀಗೆ: ಕುದುರೆ ತಲೆಯನ್ನು ದುಡಿಯುವಾಗಿನ ಎತ್ತರದಲ್ಲಿ ಹಿಡಿದು ನಿಂತಿರುವಾಗ ಕಾಲರ್ ಹಾಕಿ, ಎಳೆಪಟ್ಟಿಗಳನ್ನು ಹಿಂದಕ್ಕೆ ಜಗ್ಗಿ. ಆಗ ಕೆಳಗಡೆ ಕಾಲರಿಗೂ ಶ್ವಾಸನಾಳಕ್ಕೂ ನಡುವೆ ಅಂಗೈ ಚಪ್ಪಟೆಯಾಗಿ ತೂರುವಷ್ಟು ಜಾಗ ಇರಬೇಕು. ಬದಿಗಳಲ್ಲಿ ಬೆರಳು ಚಪ್ಪಟೆಯಾಗಿ ಹೋದರೆ ಸಾಕು, ಅದಕ್ಕಿಂತ ಹೆಚ್ಚು ಸಡಿಲ ಬೇಡ. ಬಿಗಿಯಾದ ಕಾಲರ್ ಉಸಿರು ಕಟ್ಟಿಸುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ದೊಡ್ಡದಾದ ಕಾಲರ್ ಹೆಜ್ಜೆ ಹೆಜ್ಜೆಗೂ ಅತ್ತಿತ್ತ ಉರುಳಿ ಚರ್ಮ ಉಜ್ಜುತ್ತದೆ ಎಂಬುದನ್ನು ಮಾತ್ರ ಬಹಳ ಮಂದಿ ಗಮನಿಸುವುದಿಲ್ಲ. ಬಿಡುವಿನ ಬಳಿಕ ದುಡಿಮೆ ಶುರುವಾದಾಗ ಕುದುರೆಯ ಮೈ ಇಳಿಯುತ್ತದೆ, ಕೊರಳೂ ಸಣ್ಣಗಾಗುತ್ತದೆ. ಹಿಗ್ಗಿಸಿ ಕುಗ್ಗಿಸಬಲ್ಲ ಕಾಲರಿನ ನಿಜವಾದ ಪ್ರಯೋಜನ ಇಲ್ಲೇ; ಒಂದೇ ಕುದುರೆಗೆ ವರ್ಷವಿಡೀ ಸರಿಯಾಗಿ ಕೂರಿಸಲು ಅದು ನೆರವಾಗುತ್ತದೆ. ನಿಮ್ಮ ಎರಡು ಕುದುರೆಗಳ ವಿಷಯದಲ್ಲಿ ಮಾತ್ರ ನನ್ನ ಸಲಹೆ ಬೇರೆ: ಕಬ್ಬಿಣದ ಚೌಕಟ್ಟು ಒಂದೇ ಇರಲಿ, ಮೆತ್ತೆಗಳನ್ನು ಎರಡು ಜೊತೆ ಮಾಡಿಸಿ. ಒಂದರ ಭುಜಕ್ಕೆ ಒಗ್ಗಿ ತಗ್ಗಿದ ಮೆತ್ತೆ ಇನ್ನೊಂದರ ಭುಜಕ್ಕೆ ಹೊಂದುವುದಿಲ್ಲ, ಒಂದರ ಚರ್ಮರೋಗ ಇನ್ನೊಂದಕ್ಕೆ ಹತ್ತುವುದೂ ಉಂಟು.

ಪ್ರಶ್ನೆ: ನನ್ನದು ವೆಲ್ಡಿಂಗ್ ಮತ್ತು ಲೇತ್ ಕೆಲಸದ ಅಂಗಡಿ. ತೂತು ಮತ್ತು ಪಿನ್ನಿನ ಬದಲು ಮೇಲ್ಭಾಗದಲ್ಲಿ ತಿರುಪು ಇಟ್ಟು ಕಾಲರನ್ನು ಬೇಕಾದಷ್ಟು ಮೇಲೆ ಕೆಳಗೆ ಮಾಡುವಂತೆ ಮಾಡಬಹುದಲ್ಲವೇ? ಒಳಗೆ ಯಾವ ಮೆತ್ತೆ ಒಳ್ಳೆಯದು?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಮಾಡಬಹುದು, ಆದರೆ ತಿರುಪಿಗೆ ಕುಲುಕಾಟವೇ ಶತ್ರು. ನಟ್ಟಿನ ಮೇಲೆ ಇನ್ನೊಂದು ನಟ್ ಬಿಗಿದು, ಅದರ ಹಿಂದೆ ಕಾಟರ್ ಪಿನ್ ಹಾಕದಿದ್ದರೆ ಸಂಜೆಯ ಹೊತ್ತಿಗೆ ಅಳತೆ ತಪ್ಪಿರುತ್ತದೆ. ತಿರುಪಿನ ಹಲ್ಲಿಗೆ ಬೆವರು, ಧೂಳು, ಕೂದಲು ಸೇರಿದರೆ ಬೇಕಾದಾಗ ತಿರುಗುವುದೂ ಇಲ್ಲ. ತಿರುಪು ಹಾಕುವುದೇ ಆದರೆ ಅದನ್ನು ಕೊಳವೆಯೊಳಗೆ ಮುಚ್ಚಿ, ಗ್ರೀಸ್ ತುಂಬಿ, ಕೊರಳಿನ ಮೇಲಂಚಿನಿಂದ ದೂರ ಇಡಿ. ನಾನಾಗಿದ್ದರೆ ಪಿನ್ನನ್ನೇ ಉಳಿಸಿಕೊಳ್ಳುತ್ತಿದ್ದೆ. ಪಿನ್ ಕೂತಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ, ತಿರುಪು ಎರಡು ಸುತ್ತು ಸಡಿಲವಾದದ್ದು ಕಾಣುವುದಿಲ್ಲ.

ಇದಕ್ಕಿಂತ ಮುಖ್ಯವಾದ, ಆದರೆ ಹಿಗ್ಗುವ ಕಾಲರ್ ಮಾಡುವವರು ಮರೆಯುವ ಸಂಗತಿಯೊಂದಿದೆ. ಎಳೆಪಟ್ಟಿಯ ಕೊಂಡಿ ಕಾಲರಿನ ಕೆಳತುದಿಯಿಂದ ಲೆಕ್ಕ ಹಾಕಿದರೆ ಅದರ ಉದ್ದದ ಸುಮಾರು ಮೂರನೆಯ ಒಂದು ಪಾಲಿನ ಎತ್ತರದಲ್ಲಿರಬೇಕು. ಒಳ ಉದ್ದ 45 ಸೆಂ.ಮೀ. ಇರುವ ಕಾಲರಿನಲ್ಲಿ ಅದು 15 ಸೆಂ.ಮೀ. ಎತ್ತರದಲ್ಲಿರುತ್ತದೆ. ಅದನ್ನೇ ಮೇಲ್ಗಡೆ 5 ಸೆಂ.ಮೀ. ಹಿಗ್ಗಿಸಿ 50 ಸೆಂ.ಮೀ. ಮಾಡಿದರೆ ಕೊಂಡಿ 15ರಲ್ಲೇ ಉಳಿಯುತ್ತದೆ, ಇರಬೇಕಾದದ್ದು ಸುಮಾರು 16.5ರಲ್ಲಿ. ಕೊಂಡಿ ಕೆಳಗಾದರೆ ಭಾರವು ಭುಜದ ಕೀಲಿನ ಮೇಲೆ ಬೀಳುತ್ತದೆ. ಹೆಜ್ಜೆ ಎತ್ತಿದಾಗಲೆಲ್ಲ ಚಲಿಸುವ ಆ ಮೂಳೆಯೇ ಮೆತ್ತೆಗೆ ಉಜ್ಜಿಕೊಳ್ಳುತ್ತದೆ. ಮೇಲಾದರೆ ಕಾಲರಿನ ಕೆಳಭಾಗ ಮೇಲಕ್ಕೆದ್ದು ಶ್ವಾಸನಾಳವನ್ನು ಒತ್ತುತ್ತದೆ. ಆದ್ದರಿಂದ ಅಳತೆಯ ಪಟ್ಟಿಯ ಜೊತೆಗೆ ಕೊಂಡಿಗೂ ಎರಡು ಮೂರು ಸ್ಥಾನಗಳಿರಲಿ, ಎಳೆಪಟ್ಟಿ ಬಿಗಿಯಾದಾಗ ಅದು ಹೇಮ್ಸ್‌ಗೆ ಹೆಚ್ಚು ಕಡಿಮೆ ಲಂಬಕೋನದಲ್ಲಿ ಇದೆಯೇ ಎಂದು ಬದಿಯಿಂದ ನಿಂತು ನೋಡಿ.

ಮೆತ್ತೆಗೆ ನಿಮ್ಮ ಊರಿನಲ್ಲೇ ಒಳ್ಳೆಯ ಸಾಮಗ್ರಿ ಇದೆ. ಹಳೆಯ ಉಣ್ಣೆ ಕಂಬಳಿಯ ತುಂಡುಗಳನ್ನು ಪದರ ಪದರವಾಗಿ ಹೊಲಿದು ಭುಜಕ್ಕೆ ತಾಗುವ ಕಡೆ ಹಾಕಿದರೆ ಅದು ಬೆವರನ್ನು ಹೀರಿಯೂ ಪುಟಿಯುವ ಗುಣವನ್ನು ಕಳೆದುಕೊಳ್ಳುವುದಿಲ್ಲ. ಹತ್ತಿ ವೇಸ್ಟ್ ತುಂಬಿದರೆ ಬೆವರಿಗೆ ಗಂಟುಕಟ್ಟುತ್ತದೆ. ರೆಕ್ಸಿನ್ ಬೇಡವೇ ಬೇಡ, ಅದರಡಿಯಲ್ಲಿ ಚರ್ಮ ಬೇಯುತ್ತದೆ. ಯಾವುದೇ ಹೊಲಿಗೆ, ರಿವೆಟ್ ಭುಜದ ಕಡೆಗೆ ಬರಬಾರದು.

ಪ್ರಶ್ನೆ: ಜಟಕಾಕ್ಕೆ ಎದೆಪಟ್ಟಿಯೇ ಸಾಲದೇ? ಕಾಲರ್ ಏಕೆ ಬೇಕು?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸಮತಟ್ಟಾದ ಡಾಂಬರು ರಸ್ತೆಯಲ್ಲಿ, ಹಗುರ ಗಾಡಿಗೆ ಎದೆಪಟ್ಟಿ ಸಾಕು, ಅದನ್ನು ಬಕಲ್‌ನಿಂದಲೇ ಸರಿಹೊಂದಿಸಬಹುದಾದ್ದರಿಂದ ಬೇರೆಬೇರೆ ಗಾತ್ರದ ಕುದುರೆಗಳಿಗೂ ಒಗ್ಗುತ್ತದೆ. ನಿಮ್ಮ ಊರಿನ ಏರು ರಸ್ತೆಗಳಲ್ಲಿ ಲೆಕ್ಕ ಬದಲಾಗುತ್ತದೆ. ಗಾಡಿ, ಸಾಮಾನು ಸೇರಿ 600 ಕೆ.ಜಿ. ಇದ್ದು ರಬ್ಬರ್ ಚಕ್ರ ಇದ್ದರೆ ಸಮತಟ್ಟಿನಲ್ಲಿ 12ರಿಂದ 18 ಕೆ.ಜಿ. ಬಲ ಸಾಕಾಗುತ್ತದೆ. 20 ಮೀಟರಿಗೆ 1 ಮೀಟರ್ ಏರುವ ಕಡೆ ಅದಕ್ಕೆ ಇನ್ನೂ 30 ಕೆ.ಜಿ. ಸೇರುತ್ತದೆ. ಅಷ್ಟು ಬಲವನ್ನು ನಾಲ್ಕು ಬೆರಳು ಅಗಲದ ಪಟ್ಟಿಯ ಮೂಲಕ ಎದೆಯ ಮೇಲೆ ಹಾಕುವುದಕ್ಕಿಂತ ಎರಡೂ ಭುಜಗಳಿಗೆ ಹರಡುವುದು ಮೇಲು. ಎದೆಪಟ್ಟಿಯನ್ನೇ ಇಟ್ಟುಕೊಳ್ಳುವುದಾದರೆ ಎಳೆಪಟ್ಟಿಗಳನ್ನು ಗಾಡಿಗೆ ನೇರವಾಗಿ ಬಿಗಿಯದೆ, ನಡುವೆ ಕೀಲಿರುವ, ಹಿಂದೆ ಮುಂದೆ ಆಡುವ ಒಂದು ಅಡ್ಡಕೋಲಿಗೆ ಕಟ್ಟಿ. ಕುದುರೆಯ ಭುಜಗಳು ಒಂದಾದ ಮೇಲೊಂದು ಮುಂದೆ ಬರುತ್ತವೆ, ಕೋಲು ಅದಕ್ಕೆ ತಕ್ಕಂತೆ ಆಡಿದರೆ ಪಟ್ಟಿ ಎದೆಯ ಮೇಲೆ ಗರಗಸದಂತೆ ಓಡಾಡುವುದಿಲ್ಲ.

ಪ್ರಶ್ನೆ: ಸಾಜಿನ ಬಗ್ಗೆ ಕಾನೂನು ಏನಾದರೂ ಇದೆಯೇ?
— ಓದುಗರೊಬ್ಬರು, ಹರಿಹರ

ಉತ್ತರ: ಇದೆ. ಗಾಡಿ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳ ಕುರಿತ ಕೇಂದ್ರ ಸರ್ಕಾರದ 1965ರ ನಿಯಮಗಳ ಪ್ರಕಾರ ಮೊಳೆ, ಗುಬುಟು, ಚೂಪಾದ ಉಬ್ಬುಗಳಿರುವ ಕಡಿವಾಣ, ಸಾಜು ಅಥವಾ ನೊಗವನ್ನು ಬಳಸುವಂತಿಲ್ಲ. ಒಳಕ್ಕೆ ಚಾಚಿದ ಪಿನ್ನೂ ಈ ಸಾಲಿಗೇ ಸೇರುತ್ತದೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ತಾಪಮಾನ 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟುವಂತಿಲ್ಲ. ನಮ್ಮ ಭಾಗದ ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಕೊನೆಯ ಮಾತನ್ನು ನೆನಪಿಡಬೇಕು. ಹುಣ್ಣಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ.

ಪ್ರಶ್ನೆ: ಮೆಕ್ಕೆಜೋಳದಲ್ಲಿ ಎಡೆಕುಂಟೆ ಹೊಡೆಯಲು ಒಂಟಿ ಎತ್ತಿಗೆ ನೊಗದ ಬದಲು ಕಾಲರ್ ಹಾಕಬಹುದೇ?
— ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಹಾಕಬಹುದು. ಜರ್ಮನಿಯಲ್ಲಿ ದನಗಳಿಗೆಂದೇ ಮೂರು ಮೆತ್ತೆಗಳ ಕಾಲರ್ ಬಳಕೆಯಲ್ಲಿತ್ತು. ಎರಡು ಮೆತ್ತೆ ಭುಜಗಳಿಗೆ, ಒಂದು ಮೇಲ್ಗಡೆಗೆ. ಆದರೆ ನಮ್ಮ ಎತ್ತುಗಳಿಗೆ ಹಿಣಿಲು ಇದೆ, ಮೇಲಿನ ಮೆತ್ತೆ ಅದಕ್ಕೆ ತಾಗದಂತೆ ಅದರ ಮುಂದೆ ಕೂರಬೇಕು. ಇನ್ನೊಂದು ತೊಡಕು ಕೋಡು. ಮುಚ್ಚಿದ ಕಾಲರನ್ನು ಕುದುರೆಗೆ ತಲೆಕೆಳಗಾಗಿ ಹಿಡಿದು ತಲೆಯಿಂದ ತೂರಿಸಿ, ಕೊರಳಿಗೆ ಬಂದ ಮೇಲೆ ತಿರುಗಿಸುತ್ತಾರೆ. ಅಮೃತ ಮಹಲ್ ಅಥವಾ ಹಳ್ಳಿಕಾರ್ ಎತ್ತಿನ ಉದ್ದನೆಯ ಕೋಡಿನ ಮೇಲೆ ಈ ಆಟ ನಡೆಯದು. ಹಾಗಾಗಿ ಎತ್ತಿನ ಕಾಲರ್ ಕೆಳಗಡೆ ಪೂರ್ತಿ ತೆರೆದುಕೊಳ್ಳುವಂತಿರಬೇಕು, ಅಂದರೆ ಮೊದಲ ಉತ್ತರದಲ್ಲಿ ಹೇಳಿದ ಕಳಚುವ ಬೀಗ ಇಲ್ಲಿ ದಿನಕ್ಕೆರಡು ಬಾರಿಯಾದರೂ ಬಳಕೆಗೆ ಬರುತ್ತದೆ. ಅಲ್ಲಿಗೆ ಅಗಲವಾದ ಚರ್ಮದ ಪಟ್ಟಿ, ಎರಡು ಬಕಲ್ ಹಾಕಿಸಿ, ಒಂದು ಹರಿದರೂ ಇನ್ನೊಂದು ಹಿಡಿದಿರಲಿ. ಹೊಸ ಕಾಲರಿಗೆ ಎತ್ತು ಒಗ್ಗುವವರೆಗೆ ಬರಿಯ ಕುಂಟೆಯನ್ನು ಉತ್ತ ಹೊಲದಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಎಳೆಸಿ, ಪ್ರತಿಸಲವೂ ಬಿಚ್ಚಿದ ಕೂಡಲೇ ಮೆತ್ತೆಯ ಕೆಳಗಿನ ಕೂದಲನ್ನು ನೋಡಿ: ಬೆವರು ಎಲ್ಲ ಕಡೆ ಸಮನಾಗಿ ಹರಡಿದ್ದರೆ ಕಾಲರ್ ಸರಿಯಾಗಿ ಕೂತಿದೆ; ನಡುವೆ ಎಲ್ಲಾದರೂ ಒಣಗಿದ ತೇಪೆ ಕಂಡರೆ ಒತ್ತಡ ಅಲ್ಲೇ ಹೆಚ್ಚಾಗಿರುವ ಸಂಭವವಿದೆ, ಅಲ್ಲಿನ ಮೆತ್ತೆಯನ್ನು ಬಿಚ್ಚಿ ತುಂಬಿರುವುದನ್ನು ಕಡಿಮೆ ಮಾಡಿಸಿ.